ಎಂಟು ಸಾಲಿನ ‘ಗ’

ನಮ್ಮ ಶಾಲೆಯ ಭೌತಶಾಸ್ತ್ರ ಪ್ರಯೋಗಾಲಯದ ಪಕ್ಕ ಒಂದು ಸಣ್ಣ ಕೋಣೆ ಇದೆ. ಈಗ ಅಲ್ಲಿ ಆಟದ ಸಾಮಾನು ಇಡುತ್ತಾರೆ. 1980ರ ದಶಕದ ಕೊನೆಯಲ್ಲಿ ನಾವು ಓದುವಾಗ ಆ ಕೋಣೆಯಲ್ಲಿ ಬಿಬಿಸಿ ಮೈಕ್ರೋ ಅನ್ನೋ ಕಂಪ್ಯೂಟರ್ ಇತ್ತು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಗದಗಿನ ಗಾಳಿ ನಿಮಗೆ ಗೊತ್ತೇ ಇದೆ, ಬೇಸಿಗೆಯಲ್ಲಿ ಎರೆ ಮಣ್ಣಿನ ಧೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ. ಅದಕ್ಕೇ ಯಂತ್ರಕ್ಕೆ ದಪ್ಪ ಬಟ್ಟೆಯ ಒಂದು ಹೊದಿಕೆ ಹೊಲಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಹೊದಿಸುವುದು ಕೊನೆಗೆ ಎದ್ದವರ ಜವಾಬ್ದಾರಿ.

ಇಂದಿನ ಮಕ್ಕಳಿಗಾಗಿ ಆ ಯಂತ್ರದ ಪರಿಚಯ ಸ್ವಲ್ಪ ಹೇಳುತ್ತೇನೆ. ಬ್ರಿಟನ್ನಿನ ಬಿಬಿಸಿ ಟಿವಿಯ ಕಂಪ್ಯೂಟರ್ ಪಾಠಗಳ ಜೊತೆಗೆ ಬೇಕು ಎಂದು ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ 1981ರಲ್ಲಿ ಇದನ್ನು ಮಾಡಿತು. ಭಾರತ ಸರ್ಕಾರ 1984ರಲ್ಲಿ ‘ಕ್ಲಾಸ್’ ಅನ್ನೋ ಯೋಜನೆ ಶುರು ಮಾಡಿ, ಆಯ್ದ ಶಾಲೆಗಳಿಗೆ ಇದನ್ನೇ ಕೊಟ್ಟಿತು. ಒಳಗಿದ್ದದ್ದು 6502 ಎಂಬ ಪ್ರೊಸೆಸರ್, ವೇಗ 2 ಮೆಗಾಹರ್ಟ್ಸ್. ಮೆಮೊರಿ 32 ಕೆಬಿ. ಇವತ್ತು ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅಷ್ಟರಲ್ಲಿ ಹಿಡಿಸುವುದಿಲ್ಲ. ಆ 32ರಲ್ಲಿ ಪರದೆಗೇ ಪಾಲು ಹೋಗುತ್ತಿತ್ತು. ಎಂಟು ಬಣ್ಣ ಬೇಕೆಂದು ‘ಮೋಡ್ 2’ ಅನ್ನೋ ಪರದೆಯ ರೀತಿ ಹಾಕಿದರೆ 20 ಕೆಬಿ ಪರದೆಗೆ. ಯಂತ್ರ ತನ್ನ ಖರ್ಚಿಗೆ ಇನ್ನಷ್ಟು ತೆಗೆದುಕೊಂಡ ಮೇಲೆ ನಮಗೆ ಉಳಿಯುತ್ತಿದ್ದದ್ದು ಎಂಟೂವರೆ ಕೆಬಿ. ಪ್ರೋಗ್ರಾಂ ಉದ್ದವಾದರೆ ‘ನೋ ರೂಮ್’ ಅಂತ ಬರುತ್ತಿತ್ತು. ಹಾಗಾಗಿ ಒಂದೊಂದು ಬೈಟ್ ಎಲ್ಲಿ ಹೋಯಿತು ಅಂತ ಲೆಕ್ಕ ಇಡುವುದು ನಮಗೆ ತಾನಾಗಿಯೇ ಅಭ್ಯಾಸವಾಯಿತು.

ಇದನ್ನೆಲ್ಲ ಕಲಿಸಿದವರು ನಮ್ಮ ಭೌತಶಾಸ್ತ್ರದ ಸರ್. ಬೇರೆ ಕಡೆ ಕಂಪ್ಯೂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ ಕಾಲ ಅದು. ಮುಟ್ಟಿದರೆ ಕೆಡುತ್ತದೆ ಅನ್ನೋ ಹೆದರಿಕೆ. ನಮ್ಮ ಸರ್ ಮಾತ್ರ ಮೊದಲ ವಾರವೇ ಸ್ಕ್ರೂ ಡ್ರೈವರ್ ತಂದರು. “ಹೆದರಬ್ಯಾಡ್ರಿ, ವೈರು ಕಿತ್ತೀನಿ. ಒಳಗ ಏನೈತಿ ನೋಡೂಣು ಬರ್ರಿ” ಅಂದರು. ಯಂತ್ರ ಮಾಡಿದವರೂ ಇದಕ್ಕೆ ಒಪ್ಪಿಗೆ ಕೊಟ್ಟ ಹಾಗೇ ಇತ್ತು. ಯಾವ ಸ್ಕ್ರೂ ಬಿಚ್ಚಿದರೆ ಮುಚ್ಚಳ ಬರುತ್ತದೋ ಅದರ ಪಕ್ಕ ‘ಫಿಕ್ಸ್’ ಅಂತ ಬರೆದಿತ್ತು. ಹಿಂದೆ ಎರಡು, ಕೆಳಗೆ ಎರಡು. ಅವನ್ನು ಬಿಚ್ಚಿದರೆ ಸಾಕು, ಮುಚ್ಚಳ ಹಗುರವಾಗಿ ಎದ್ದು ಬರುತ್ತಿತ್ತು.

ಒಳಗೆ ಎಡಕ್ಕೆ ಪವರ್ ಸಪ್ಲೈ ಡಬ್ಬಿ. ಉಳಿದ ಜಾಗವೆಲ್ಲ ಒಂದೇ ದೊಡ್ಡ ಬೋರ್ಡು. ಅದರ ಮೇಲೆ ಸಾಲು ಸಾಲು ಕಪ್ಪು ಚಿಪ್ಪುಗಳು. ಸರ್ ಪೆನ್ಸಿಲ್ ತುದಿಯಿಂದ ತೋರಿಸುತ್ತಾ ಹೋದರು. ಇದು ಲೆಕ್ಕ ಮಾಡುವುದು, ಇದು ಪರದೆಗೆ ಚಿತ್ರ ಕಳಿಸುವುದು. ಇದರಲ್ಲಿ ಬೇಸಿಕ್ ಭಾಷೆ ಇದೆ, ಬರೀ 16 ಕೆಬಿ, ಸೋಫಿ ವಿಲ್ಸನ್ ಅನ್ನೋರು ಬರೆದದ್ದು. ಮೆಮೊರಿ ಚಿಪ್ಪುಗಳನ್ನು ನಮ್ಮ ಕೈಯಲ್ಲೇ ಎಣಿಸಿಸಿದರು. ಹದಿನಾರು ಇದ್ದವು. ಒಂದೊಂದರಲ್ಲಿ 16 ಕಿಲೋಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾದರೆ ಒಟ್ಟು ಎಷ್ಟು ಅಂತ ಅಲ್ಲೇ ಕೇಳಿದರು. 32 ಕೆಬಿ ಅನ್ನೋ ಅಂಕಿ ಪುಸ್ತಕದಿಂದ ಬಂದಿದ್ದಲ್ಲ, ನಮ್ಮ ಕಣ್ಣೆದುರಿನ ಹದಿನಾರು ಚಿಪ್ಪುಗಳಿಂದ ಬಂತು. ಆ ಪಾಠದಷ್ಟು ಚೆನ್ನಾಗಿ ನನಗೆ ಮುಂದೆ ಎಂಜಿನಿಯರಿಂಗ್ ಕಾಲೇಜಿನಲ್ಲೂ ಯಾರೂ ಮೆಮೊರಿ ಹೇಳಿಕೊಟ್ಟಿಲ್ಲ.

ಈಗ ಅಕ್ಷರದ ವಿಷಯಕ್ಕೆ ಬರುತ್ತೇನೆ. ನಾನು ಈ ಲೇಖನ ಬರೆಯಲು ಒಪ್ಪಿದ್ದೇ ಅದಕ್ಕಾಗಿ.

ನಮ್ಮ ಅಪ್ಪ ಪ್ರೆಸ್ಸಿನಲ್ಲಿ ಕಂಪೋಜಿಟರ್. ಗದಗಿಗೆ ‘ಮುದ್ರಣ ಕಾಶಿ’ ಅನ್ನೋ ಹೆಸರು ಸುಮ್ನೆ ಬಂದಿಲ್ಲ. ಪಂಚಾಂಗ, ಪುರಾಣ, ನಾಟಕ, ಲಗ್ನಪತ್ರಿಕೆ, ಏನೆಲ್ಲ ಅಚ್ಚಾಗುತ್ತಿತ್ತು ಇಲ್ಲಿ! ಅಪ್ಪ ಅಚ್ಚಿನ ಮೊಳೆಗಳ ಖಾನೆಗಳಿರುವ ಕೇಸಿನ ಮುಂದೆ ನಿಂತು ಒಂದೊಂದೇ ಅಕ್ಷರದ ಮೊಳೆ ಎತ್ತಿ ಕೈಯಲ್ಲಿನ ಸ್ಟಿಕ್ಕಿನಲ್ಲಿ ಜೋಡಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಹಾಗಾಗಿ ಕಂಪ್ಯೂಟರಿನ ಮುಂದೆ ಕೂತ ಮೊದಲ ದಿನಗಳಲ್ಲೇ ನನಗೆ ಒಂದು ಪ್ರಶ್ನೆ ಕಾಡಿತು. ಇದರಲ್ಲಿ ಕನ್ನಡ ಯಾಕಿಲ್ಲ?

ಸರ್ ಇಲ್ಲ ಅನ್ನಲಿಲ್ಲ. “ನೀವ ಮಾಡ್ರಿ” ಅಂದರು. ಕೈಪಿಡಿ ತೆರೆದು ‘ವಿಡಿಯು 23’ ಅನ್ನೋ ಆಜ್ಞೆ ತೋರಿಸಿದರು. ಪರದೆಯ ಮೇಲಿನ ಪ್ರತಿ ಅಕ್ಷರವೂ ಎಂಟಕ್ಕೆ ಎಂಟು ಚೌಕದ ಒಂದು ಮನೆ. ಒಂದೊಂದು ಸಾಲೂ ಒಂದು ಬೈಟ್. ಎಡದಿಂದ ಚೌಕಗಳಿಗೆ 128, 64, 32, 16, 8, 4, 2, 1 ಅಂತ ಬೆಲೆ. ಎಲ್ಲಿ ಚುಕ್ಕೆ ಬೇಕೋ ಅಲ್ಲಿನ ಬೆಲೆಗಳನ್ನು ಕೂಡಿಸಿದರೆ ಆ ಸಾಲಿನ ಅಂಕಿ ಸಿಗುತ್ತದೆ. ಇಂಥ ಎಂಟು ಅಂಕಿ ಕೊಟ್ಟರೆ ಅಕ್ಷರ ನಿಮ್ಮದು. ನಮ್ಮ ಪಾಲಿಗೆ 224ರಿಂದ 255ರವರೆಗೆ ಮೂವತ್ತೆರಡು ಜಾಗ ಇದ್ದವು.

ಊರಿನ ಹೆಸರೇ ಬರೆಯೋಣ ಅಂತ ನಿರ್ಧಾರವಾಯಿತು. ‘ಗದಗ’ ಬರೆಯಲು ಎರಡೇ ಅಕ್ಷರ ಸಾಕು. ಒತ್ತಿಲ್ಲ, ಕೊಂಬಿಲ್ಲ, ಗುಡಿಸಿಲ್ಲ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ಗ್ರಾಫ್ ಹಾಳೆ ಮನೆಗೆ ತಂದು ರಾತ್ರಿ ಚೌಕ ತುಂಬುತ್ತಾ ಕೂತೆ. ಅಪ್ಪ ಊಟ ಮುಗಿಸಿ ಬಂದು ಹಿಂದೆ ನಿಂತು ನೋಡಿದರು. ಎಂಟೂ ಚೌಕ ತುಂಬುವ ಹಾಗೆ ಅಕ್ಷರವನ್ನು ಅಗಲ ಮಾಡುತ್ತಿದ್ದೆ.

“ಹಿಂಗ ಮಾಡಿದ್ರ ಒಂದಕ್ಕೊಂದು ಅಂಟ್ಕೋತಾವು. ಬಲಗಡೆ ಒಂದ್ ಸಾಲು ಬಿಡು,” ಅಂದರು.

“ಇರೂದ ಎಂಟ ಮನಿ ಅಪ್ಪಾ. ಒಂದ್ ಬಿಟ್ರ ಏಳ ಉಳೀತಾವು.”

“ಏಳು ಸಾಕು. ತಲಿಕಟ್ಟಿನ ತುದಿ ಮ್ಯಾಲೆ ಏಳಲಿ. ಕೆಳಗೂ ಒಂದ್ ಸಾಲು ಖಾಲಿ ಇರಲಿ.”

ಅಪ್ಪ ಕಂಪ್ಯೂಟರನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಆದರೆ ಅಕ್ಷರದ ಸುತ್ತ ಎಷ್ಟು ಬಿಳಿ ಬಿಡಬೇಕು ಅನ್ನೋದು ಅವರ ಕೈಗೆ ಗೊತ್ತಿತ್ತು. ಕೊನೆಗೆ ಸಿಕ್ಕ ಅಂಕಿಗಳು ಇವು: 6, 120, 56, 68, 130, 130, 198, 0. ನೀವೂ ಚೌಕದ ಹಾಳೆಯ ಮೇಲೆ ಹಾಕಿ ನೋಡಿ. ಮೊದಲ ಎರಡು ಸಾಲು ತಲೆಕಟ್ಟು, ಅದರ ತುದಿ ಮೇಲಕ್ಕೆ ಎದ್ದಿದೆ. ಆಮೇಲೆ ಕಮಾನು, ಕೊನೆಗೆ ಒಳಕ್ಕೆ ತಿರುಗಿದ ಎರಡು ಪಾದ. ಇನ್ನೊಂದು ಗಮನಿಸಿ, ಎಲ್ಲವೂ ಸಮ ಸಂಖ್ಯೆಗಳು. ಅಂದರೆ ಬಲಗಡೆಯ 1ರ ಬೆಲೆಯ ಚೌಕ ಎಲ್ಲ ಸಾಲಿನಲ್ಲೂ ಖಾಲಿ. ಅಪ್ಪ ಬಿಡಿಸಿದ ಜಾಗ ಅದು.

ಮರುದಿನ ಯಂತ್ರಕ್ಕೆ ಹಾಕಿದಾಗ ಮೊದಲು ಕನ್ನಡ ಬರಲಿಲ್ಲ. ಯಂತ್ರ ಹಚ್ಚಿದ ಕೂಡಲೇ ಮೋಡ್ 7ರಲ್ಲಿ ಇರುತ್ತದೆ. ಅಲ್ಲಿ ಅಕ್ಷರಗಳನ್ನು ಬರೆಯುವುದು ಬೇರೆಯೇ ಒಂದು ಚಿಪ್ಪು, ಟಿವಿ ಪರದೆಯ ಮೇಲೆ ಬರಹ ತೋರಿಸುವ ಟೆಲಿಟೆಕ್ಸ್ಟ್‌ಗಾಗಿ ಮಾಡಿದ್ದು. ಇಂಗ್ಲಿಷ್ ಅಕ್ಷರಗಳು ಅದರೊಳಗೇ ಅಚ್ಚಾಗಿ ಬಂದಿರುತ್ತವೆ, ನಮ್ಮ ಮಾತು ಅದು ಕೇಳುವುದಿಲ್ಲ. ಸರ್ ಮೋಡ್ 4 ಹಾಕಿಸಿದರು. ಆಮೇಲೆ 224, 225, 224 ಅಂತ ಪ್ರಿಂಟ್ ಕೊಟ್ಟೆವು. ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಗಳಲ್ಲಿ ಗದಗ ಬಂತು. ಪಕ್ಕದ ಕ್ಲಾಸಿನಲ್ಲಿ ಪಾಠ ನಡೆದಿತ್ತು, ಆದರೂ ನಾವು ಕೂಗಿಬಿಟ್ಟೆವು. ಸರ್ ತಾವೇ ಹೋಗಿ ಕನ್ನಡ ಟೀಚರನ್ನು ಕರೆದುಕೊಂಡು ಬಂದರು.

ಟೀಚರ್ ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು. “ಹುಬ್ಬಳ್ಳಿ ಹೆಂಗ ಬರೀತೀರಿ?”

ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ಒತ್ತಕ್ಷರ ಎಂಟು ಸಾಲಿನ ಮನೆಯೊಳಗೆ ಹಿಡಿಸುವುದಿಲ್ಲ. ಹಾಗಾಗಿ ಒತ್ತುಗಳನ್ನು ಬೇರೆ ಅಕ್ಷರಗಳಾಗಿ ಮಾಡಿ, ಕರ್ಸರನ್ನು ಒಂದು ಮನೆ ಹಿಂದಕ್ಕೆ, ಒಂದು ಸಾಲು ಕೆಳಕ್ಕೆ ಇಳಿಸಿ ಅಲ್ಲಿ ಬರೆದು ಮತ್ತೆ ಮೇಲೆ ತಂದೆವು. ಅದಕ್ಕೆ 8, 10, 11 ಅನ್ನೋ ಮೂರು ಅಂಕಿ ಸಾಕು. ಇನ್ನು ಕಾಗುಣಿತ. ಪ್ರೆಸ್ಸಿನ ಕೇಸಿನಲ್ಲಿ ನೂರಾರು ಮೊಳೆ ಇರುತ್ತವೆ, ನಮಗಿದ್ದದ್ದು ಮೂವತ್ತೆರಡು. ಬೆಟಗೇರಿಯ ಗೆಳೆಯನಿಗೆ ತನ್ನ ಊರಿನ ಹೆಸರು ಬೇಕಾಗಿತ್ತು. ಅದೊಂದಕ್ಕೇ ಐದು ಜಾಗ ಹೋದವು. ದಾರಿ ಹುಡುಕಿದವನೂ ಅವನೇ. ಒಮ್ಮೆ ಪರದೆಯ ಮೇಲೆ ಬಿದ್ದ ಅಕ್ಷರ ಬರೀ ಚುಕ್ಕೆಗಳಾಗಿ ಅಲ್ಲೇ ಉಳಿಯುತ್ತದೆ. ಆಮೇಲೆ 224ನ್ನು ಬೇರೆ ಅಕ್ಷರವಾಗಿ ಬದಲಿಸಿದರೂ ಹಳೆಯದು ಅಳಿಸುವುದಿಲ್ಲ. ಹಾಗಾದರೆ ಒಂದೇ ಜಾಗವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಅಲ್ವಾ? ಪ್ರತಿ ಅಕ್ಷರದ ಎಂಟು ಅಂಕಿಗಳನ್ನು ಪ್ರೋಗ್ರಾಮಿನ ಡೇಟಾ ಸಾಲುಗಳಲ್ಲಿ ಇಟ್ಟು, ಬೇಕಾದಾಗ ಎತ್ತಿ ಅದೇ ಮೊಳೆಗೆ ಹೊಸ ರೂಪ ಕೊಟ್ಟೆವು. ಆ ವರ್ಷದ ಸ್ನೇಹ ಸಮ್ಮೇಳನದಲ್ಲಿ ಸ್ವಾಗತದ ಸಾಲು ಪರದೆಯ ಮೇಲೆ ಕನ್ನಡದಲ್ಲಿ ಬಂತು. ಅಪ್ಪ ಮುಂದಿನ ಬೆಂಚಿನಲ್ಲಿದ್ದರು.

ಕೆಲಸ ಉಳಿಸುವುದು ಕ್ಯಾಸೆಟ್ಟಿನಲ್ಲಿ. ಸೇವ್ ಕೊಟ್ಟರೆ ಯಂತ್ರದೊಳಗಿನ ರಿಲೇ ಟಕ್ ಅಂದು ಟೇಪ್ ರೆಕಾರ್ಡರ್ ತಾನೇ ತಿರುಗುತ್ತಿತ್ತು. 8 ಕೆಬಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು. ಅಷ್ಟರೊಳಗೆ ಕರೆಂಟ್ ಹೋದರೆ ಮೊದಲಿಂದ ಟೈಪ್ ಮಾಡಬೇಕು. ಕರೆಂಟ್ ಹೋಗುವುದೇನು ಅಪರೂಪವಾಗಿರಲಿಲ್ಲ.

ಒಬ್ಬ ಸಹಪಾಠಿಯ ಅಣ್ಣ ಮುಂಬೈಯಿಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಇನ್ನೊಂದು ಕಂಪ್ಯೂಟರ್ ತಂದಿದ್ದರು. ಅದನ್ನೂ ಇಲ್ಲಿ ನೆನೆಯಲೇಬೇಕು. ಅಗ್ಗದ ಯಂತ್ರ ಅಂದರೆ ಕಳಪೆ ಅಂತ ತಿಳಿದವರಿಗೆ ಅದು ಒಳ್ಳೆಯ ಉತ್ತರ. 1982ರಲ್ಲಿ ಬ್ರಿಟನ್ನಿನಲ್ಲಿ 32 ಕೆಬಿಯ ಬಿಬಿಸಿ ಮೈಕ್ರೋ, ಅಂದರೆ ಮಾಡೆಲ್ ಬಿ, ಬೆಲೆ 399 ಪೌಂಡ್ ಮುಟ್ಟಿತ್ತು. 48 ಕೆಬಿಯ ಸ್ಪೆಕ್ಟ್ರಮ್ ಆಗ ಬಂದದ್ದು 175ಕ್ಕೆ. ಸಿಂಕ್ಲೇರ್ ಕಂಪನಿ ಹೇಗೆ ಉಳಿಸಿತು ನೋಡಿ. ಕೀಲಿಗಳು ರಬ್ಬರಿನವು. ಹತ್ತಾರು ಚಿಪ್ಪು ಮಾಡುವ ಕೆಲಸವನ್ನು ಒಂದೇ ಚಿಪ್ಪಿಗೆ ಸೇರಿಸಿದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆಮೊರಿಯ ಉಪಾಯ. 64 ಕಿಲೋಬಿಟ್ ಚಿಪ್ಪುಗಳಲ್ಲಿ ಅರ್ಧ ಭಾಗ ಕೆಟ್ಟಿದ್ದನ್ನು ಅಗ್ಗಕ್ಕೆ ಕೊಂಡು, ಒಳ್ಳೆಯ ಅರ್ಧವನ್ನಷ್ಟೇ ಬಳಸಿದರು. ಆ 48ರಲ್ಲಿ 32 ಕೆಬಿ ಬಂದದ್ದು ಅಂಥ ಎಂಟು ಚಿಪ್ಪುಗಳಿಂದ. ಬಿಸಾಕುವ ಮಾಲಿನಿಂದ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಹೋಯಿತು.

ಸ್ಪೆಕ್ಟ್ರಮ್ಮಿನಲ್ಲಿ ನಮ್ಮ ಅಕ್ಷರಗಳಿಗೆ ಇಪ್ಪತ್ತೊಂದೇ ಜಾಗ. ಆದರೆ ಅದರಲ್ಲಿ ಒಂದು ಸೊಗಸಿತ್ತು. ‘ಬಿನ್’ ಅಂತ ಬರೆದು ಸೊನ್ನೆ, ಒಂದುಗಳನ್ನೇ ನೇರವಾಗಿ ಕೊಡಬಹುದು. ಎಂಟು ಸಾಲು ಒಂದರ ಕೆಳಗೊಂದು ಬರೆದರೆ ಪ್ರೋಗ್ರಾಮಿನೊಳಗೇ ಅಕ್ಷರದ ಆಕಾರ ಕಾಣುತ್ತಿತ್ತು. ಕೂಡುವ ಲೆಕ್ಕ ಬಾರದ ನನ್ನ ತಂಗಿ ಕೂಡ ಅದರಲ್ಲಿ ‘ಅ’ ಮಾಡಿದಳು.

ಮುಂದಿನದು ಎಲ್ಲರಿಗೂ ಗೊತ್ತು. ಪಿಸಿ ಬಂತು, ವಿಂಡೋಸ್ ಬಂತು, ಯುನಿಕೋಡ್ ಬಂದು ಕನ್ನಡಕ್ಕೆ ಪ್ರಪಂಚವೆಲ್ಲ ಒಪ್ಪುವ ಜಾಗ ಸಿಕ್ಕಿತು. ಈಗ ಫೋನಿನಲ್ಲಿ ‘ಗ’ ಒತ್ತಿದರೆ ಸಾಕು. ಒಂದು ಮಾತು ಮಾತ್ರ ಹೇಳಲೇಬೇಕು. ಆ ಫೋನಿನೊಳಗಿನ ಆರ್ಮ್ ಪ್ರೊಸೆಸರಿನ ಮೂಲ ಇದೇ ಏಕಾರ್ನ್ ಕಂಪನಿ. ಬಿಬಿಸಿ ಮೈಕ್ರೋ ಮೇಲೆ ದುಡಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಅದನ್ನು ವಿನ್ಯಾಸ ಮಾಡಿದವರು. ಮೊದಲ ಆರ್ಮ್ ಚಿಪ್ಪು 1985ರ ಏಪ್ರಿಲ್‌ನಲ್ಲಿ ಓಡಿದ್ದು ಬಿಬಿಸಿ ಮೈಕ್ರೋಗೆ ಜೋಡಿಸಿದ ಬೋರ್ಡಿನ ಮೇಲೆ.

ಹೋದ ವರ್ಷ ಶಾಲೆಗೆ ಬಂದಾಗ ಆ ಯಂತ್ರ ಪ್ರಯೋಗಾಲಯದ ಬೀರುವಿನಲ್ಲಿ ಅದೇ ಬಟ್ಟೆಯೊಳಗೆ ಇತ್ತು. ಈಗಿನ ಮುಖ್ಯೋಪಾಧ್ಯಾಯರು ಸಂತೋಷದಿಂದ ಬಿಚ್ಚಲು ಒಪ್ಪಿದರು. ಇಂಥ ಹಳೆಯ ಯಂತ್ರಕ್ಕೆ ಸುಮ್ನೆ ಕರೆಂಟ್ ಕೊಡಬಾರದು. ಪವರ್ ಸಪ್ಲೈಯಲ್ಲಿ ಕರೆಂಟ್ ಒಳಬರುವ ಕಡೆ ಹಳದಿ ಬಣ್ಣದ ಪಾರದರ್ಶಕ ಕೆಪಾಸಿಟರ್ ಇರುತ್ತದೆ. ವಯಸ್ಸಾದಂತೆ ಮೈ ಬಿರುಕು ಬಿಟ್ಟು ತೇವ ಎಳೆಯುತ್ತದೆ, ಹಚ್ಚಿದರೆ ಹೊಗೆ ಬರುತ್ತದೆ. ಹುಬ್ಬಳ್ಳಿಯಿಂದ ಹೊಸ ಎಕ್ಸ್2 ಕೆಪಾಸಿಟರ್ ತಂದು, ಹಳೆಯದನ್ನು ತೆಗೆದು ಬೆಸುಗೆ ಹಾಕಿದೆ. ಒಂಬತ್ತನೇ ತರಗತಿಯ ಮಕ್ಕಳು ಸುತ್ತ ನಿಂತಿದ್ದರು. ಸ್ವಿಚ್ ಹಾಕಿದರೆ ಹಳೆಯ ಎರಡು ಸ್ವರದ ಬೀಪ್ ಬಂತು. ‘ಬಿಬಿಸಿ ಕಂಪ್ಯೂಟರ್ 32ಕೆ’ ಅನ್ನೋ ಸಾಲೂ ಬಂತು. ಎಲ್ಲರಿಗೂ ಗ್ರಾಫ್ ಹಾಳೆ ಹಂಚಿದೆವು. ಹುಡುಗಿಯೊಬ್ಬಳು ‘ಳ’ ಮಾಡಿದ್ದು ನಾವು ಮಾಡಿದ್ದಕ್ಕಿಂತ ಚೆಂದ ಇತ್ತು. ಆ ಬಾಗು ನಮಗೆ ಕೊನೆಗೂ ಸರಿಯಾಗಿ ಬಂದಿರಲಿಲ್ಲ.

ಕೀಬೋರ್ಡಿನ ಕೆಲವು ಕೀಲಿಗಳು ಇನ್ನೂ ಸರಿಯಾಗಬೇಕು, ಬಿಡಿಭಾಗ ಹುಡುಕುತ್ತಿದ್ದೇನೆ. ಒತ್ತಕ್ಷರದ ಪ್ರೋಗ್ರಾಂ ಇದ್ದ ಕ್ಯಾಸೆಟ್ ಮಾತ್ರ ಬೀರುವಿನಲ್ಲಿ ಸಿಗಲಿಲ್ಲ. ನಮ್ಮ ಕಾಲದ ಗೆಳೆಯ ಗೆಳತಿಯರಲ್ಲಿ ಯಾರೋ ನಕಲು ಮಾಡಿಕೊಂಡ ನೆನಪು. ಹಳೆಯ ಟ್ರಂಕಿನಲ್ಲಿ, ಹಾಡಿನ ಕ್ಯಾಸೆಟ್ಟುಗಳ ನಡುವೆ ಒಮ್ಮೆ ಹುಡುಕಿ ನೋಡಿ. ನೀಲಿ ಶಾಯಿಯಲ್ಲಿ ‘ಕನ್ನಡ’ ಅಂತ ಬರೆದಿರುತ್ತದೆ. ಸಿಕ್ಕರೆ ಯಾವ ಪ್ಲೇಯರಿಗೂ ಹಾಕಬೇಡಿ, ಟೇಪ್ ಸಿಕ್ಕಿಕೊಂಡರೆ ಹರಿಯುತ್ತದೆ. ಬಿಳಿ ಬೂಸು ಹಿಡಿದಿದ್ದರೂ ಪರವಾಗಿಲ್ಲ, ಹಾಗೇ ತಂದು ಶಾಲೆಯ ಕಚೇರಿಯಲ್ಲಿ ಕೊಡಿ. ಅದರ ಧ್ವನಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಪ್ರೋಗ್ರಾಂ ಹೊರತೆಗೆಯಲು ಈಗ ದಾರಿ ಇದೆ. ಆ ಕೆಲಸ ನಾನು ಮಾಡುತ್ತೇನೆ.