ಅಜ್ಜಿಯ ಲಾಕರಿನ ನೀಲಿ ಸೆಂಟ್ ಬಾಟ್ಲಿ

ಮುಂಬೈಯ ಮಾಟುಂಗಾದ ಅಜ್ಜಿಮನೆಯ ಗೋದ್ರೇಜ್ ಕಪಾಟು ತೆಗೆದ್ರೆ ಮೊದಲು ಮೂಗಿಗೆ ಬಡೀತಿದ್ದದ್ದು ನುಸಿಗುಳಿಗೆ ವಾಸನೆ, ಅದರ ಹಿಂದಿಂದ ಮೆಲ್ಲ ಇನ್ನೊಂದು ಬರ್ತಿತ್ತು, ಪೌಡರಿನ ಹಾಗೆ, ಸ್ವಲ್ಪ ಸಿಹಿ. ಸಣ್ಣವಳಿರುವಾಗ ಅದು ಅಜ್ಜಿಯದ್ದೇ ಪರಿಮಳ ಅಂದ್ಕೊಂಡಿದ್ದೆ ನಾನು. ಆಮೇಲೆ ಗೊತ್ತಾದದ್ದು, ಲಾಕರಿನೊಳಗೆ ಕರಿಮಣಿ ಡಬ್ಬಿ ಪಕ್ಕ ಹೆಬ್ಬೆರಳಷ್ಟು ಎತ್ತರದ ಕಡುನೀಲಿ ಬಾಟ್ಲಿ ಒಂದಿತ್ತು. ಈವ್ನಿಂಗ್ ಇನ್ ಪ್ಯಾರಿಸ್.

ಅಜ್ಜ ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟ್ಲಲ್ಲಿ ಗಲ್ಲೆಗೆ ಕೂತ್ಕೊಳ್ತಿದ್ರು, ಯಾವುದೋ ದೀಪಾವಳಿಗೆ ಕ್ರಾಫರ್ಡ್ ಮಾರ್ಕೆಟ್‌ನಿಂದ ತಂದದ್ದಂತೆ. ಅಜ್ಜಿ ಅದನ್ನ ಮದುವೆ-ಮುಂಜಿಗೆ ಮಾತ್ರ ತೆಗೀತಿದ್ರು, ಮೈಗೆ ಹಚ್ಚುದಿಲ್ಲ, ಕಡ್ಲೆಕಾಳಷ್ಟು ಹತ್ತಿಗೆ ಒಂದು ಹನಿ ತಾಗಿಸಿ ರವಿಕೆ ಒಳಗೆ ಸಿಕ್ಕಿಸುದು. ಸೀರೆಗೆ ತಾಗಿದ್ರೆ ಕಲೆ ಬೀಳ್ತದೆ ಅಂತ.

ಫ್ರಾನ್ಸಿನಲ್ಲಿ ಇದರ ಹೆಸರು ಸ್ವಾರ್ ದ ಪಾರೀ, ಬೂರ್ಜ್ವಾ ಕಂಪನಿ 1928ರಲ್ಲಿ ತಂದದ್ದು. ಈ ಬೂರ್ಜ್ವಾದವರು ಶುರು ಮಾಡಿದ್ದು ಸೆಂಟಿನಿಂದ ಅಲ್ಲ, 1863ರಲ್ಲಿ ನಾಟಕದವರಿಗೆ ಮುಖಕ್ಕೆ ಹಚ್ಚುವ ಬಣ್ಣ ಮಾಡಿ, ಅಂದ್ರೆ ನಮ್ಮ ಯಕ್ಷಗಾನದ ಚೌಕಿಯಲ್ಲಿ ಇರ್ತದಲ್ಲ, ಹಾಗಿನ ಸಾಮಾನು. ಸೆಂಟ್ ಕೂಡಿಸಿದವ ಅರ್ನೆಸ್ಟ್ ಬೋ, ಮಾಸ್ಕೋದಲ್ಲಿ ಹುಟ್ಟಿದವ, 1921ರಲ್ಲಿ ಶನೆಲ್ ನಂಬರ್ 5 ಅನ್ನುವ ಹೆಸರಾಂತ ಸೆಂಟ್ ಮಾಡಿದವನೂ ಇವನೇ. ಬೂರ್ಜ್ವಾ ಆಗ ವೆರ್ತೈಮರ್ ಮನೆಯವರದ್ದಾಗಿತ್ತು, ಶನೆಲ್ ಸೆಂಟಿನ ಕಂಪನಿಯಲ್ಲೂ ದೊಡ್ಡ ಪಾಲು ಅವರದ್ದೇ ಇತ್ತು. ಅಡಿಗೆಯವನೂ ಒಬ್ನೇ, ಯಜಮಾನ್ರೂ ಒಬ್ರೇ, ಆದ್ರೆ ಒಂದು ಗಾಜಿನ ಶೋಕೇಸಿಗೆ ಹೋಯ್ತು, ಇನ್ನೊಂದು ಸಣ್ಣ ಸಣ್ಣ ಬಾಟ್ಲಿಯಲ್ಲಿ ಅಮೆರಿಕದ ಔಷಧದಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಮಾರಿ ಹೋಯ್ತು, ಅದಕ್ಕೇ ಈಗಲೂ ಸೆಂಟ್ ಬಗ್ಗೆ ದೊಡ್ಡ ದೊಡ್ಡ ಮಾತಾಡುವವರು ಇದನ್ನ ಚೀಪ್ ಅಂತಾರೆ. ನನಗೆ ಸಿಟ್ಟು ಬರುದು ಅಲ್ಲೇ.

1969ರಲ್ಲಿ ನಿಲ್ಲಿಸಿದ್ರು. 1992ರಲ್ಲಿ ಪುನಃ ಬಂತು, ನೀಲಿ ಬಾಟ್ಲಿಯೇ, ಒಳಗಿನದ್ದು ಮಾತ್ರ ಹೊಸ ಲೆಕ್ಕಾಚಾರ.

ಅಜ್ಜಿ ಹೋದ ಮೇಲೆ ಅವರ ಬಾಟ್ಲಿ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಕಳೆದ ತಿಂಗಳು ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲಿ ಹಳೇ ಗ್ರಾಮೋಫೋನು, ಹಿತ್ತಾಳೆ ಗಂಟೆಗಳ ಮಧ್ಯೆ ಅದೇ ನೀಲಿ ಕಂಡಿತು, ಬೆಳ್ಳಿಬಣ್ಣದ ಲೇಬಲ್ ಅರ್ಧ ಎದ್ದು ಹೋಗಿದೆ, ತಳದಲ್ಲಿ ಕಾಫಿ ಡಿಕಾಕ್ಷನ್ ಹಾಗಿನ ನಾಲ್ಕು ಹನಿ. ಅವ ಸಾವಿರ ಅಂದ, ನಾನು ಮುನ್ನೂರು ಅಂದೆ, ಆರ್ನೂರಕ್ಕೆ ತಂದೆ.

ಮನೆಗೆ ಬಂದು ಮಣಿಗಂಟಿಗೆ ಹಚ್ಚಿದ್ರೆ ಮೊದಲು ಉಗುರುಬಣ್ಣದ ವಾಸನೆ, ಛೇ, ದುಡ್ಡು ದಂಡ ಅಂದ್ಕೊಂಡೆ. ಹಳೇ ಸೆಂಟಲ್ಲಿ ಮೇಲಿನ ಹಗುರ ಪರಿಮಳ ಮೊದಲು ಕೆಡುದು. ಅರ್ಧ ಗಂಟೆ ಬಿಟ್ಟು ಪಾತ್ರೆ ತೊಳೀತಿರುವಾಗ ವಯೊಲೆಟ್ ಹೂವಿನದ್ದು ಬಂತು ನೋಡಿ, ಬಂತು ಅನ್ನುವಷ್ಟರಲ್ಲಿ ಇಲ್ಲ, ಐದು ನಿಮಿಷ ಬಿಟ್ಟು ಪುನಃ ಉಂಟು. ಇದು ಸೆಂಟಿನ ದೋಷ ಅಲ್ಲ. ವಯೊಲೆಟ್ ಪರಿಮಳಕ್ಕೆ ಕಾರಣ ಅಯೊನೋನ್ ಅಂತ ಒಂದು ರಾಸಾಯನಿಕ, 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಅನ್ನುವವರು ಲ್ಯಾಬಲ್ಲಿ ಮಾಡಿದ್ದು, ಅದು ನಮ್ಮ ಮೂಗನ್ನೇ ಸ್ವಲ್ಪ ಹೊತ್ತು ಮಂಕು ಮಾಡಿಬಿಡ್ತದೆ. ಅಜ್ಜಿ ಆಗಾಗ ರವಿಕೆಯ ಹತ್ತಿ ಮುಟ್ಟಿ ಮುಟ್ಟಿ "ಪರಿಮಳ ಹೋಯ್ತಾ ಹೇಗೆ?" ಅಂತ ಕೇಳ್ತಿದ್ದದ್ದು ಇದಕ್ಕೇ ಇರ್ಬೇಕು. ರಾತ್ರಿಗೆ ಉಳಿದದ್ದು ವೆನಿಲ್ಲಾ, ಅದರ ಅಡಿಯಲ್ಲಿ ಲಾವಂಚ. ಹೆಸರು ಪ್ಯಾರಿಸ್, ತಳದಲ್ಲಿ ನಮ್ಮೂರಿನ ಬೇರು!

ಅಮ್ಮನ ಮೂಗಿಗೆ ಹಿಡಿದೆ. ಕಣ್ಣುಮುಚ್ಚಿ ಎರಡು ಸಲ ಎಳ್ಕೊಂಡ್ರು.

"ಇದಲ್ಲ ಮಾರಾಯ್ತಿ."

"ಅದೇ ಅಮ್ಮ, ಹೆಸರು ನೋಡಿ."

"ಹೆಸರು ಇರ್ಲಿ. ಇದರಲ್ಲಿ ನುಸಿಗುಳಿಗೆ ಎಲ್ಲುಂಟು?"

ಮುಚ್ಚಳ ಸಡಿಲ ಆಗಿದೆ, ಇದ್ದ ನಾಲ್ಕು ಹನಿಯೂ ಆರಿ ಹೋದೀತು ಅಂತ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಅಮ್ಮನ ಸೀರೆಗಳ ಹಿಂದೆ ಇಟ್ಟಿದ್ದೇನೆ.