ಶುಂಠಿ ಚೀಲದಲ್ಲಿ ಊರು ಬಿಡುವ ಮಣ್ಣು

ಕೊಡಗಿನಲ್ಲಿ ಮಳೆಗೆ ಕೊಚ್ಚಿಹೋಗುವ ಮಣ್ಣಿನ ಬಗ್ಗೆ ಎಲ್ಲರೂ ಮಾತಾಡುತ್ತೇವೆ. ಶುಂಠಿ, ಗೆಣಸು, ಮರಗೆಣಸು ಕೀಳುವಾಗ ಗಡ್ಡೆಗೆ ಅಂಟಿಕೊಂಡು ಹೋಗುವ ಮಣ್ಣು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಳೆ ಒಯ್ದದ್ದು ಸ್ವಲ್ಪವಾದರೂ ಕೆಳಗಿನ ಗದ್ದೆಯಲ್ಲಿ ನಿಲ್ಲುತ್ತದೆ. ಲಾರಿ ಹತ್ತಿದ್ದು ಮತ್ತೆ ಬರುವುದಿಲ್ಲ. ಅದೂ ಗೊಬ್ಬರ ಉಂಡ ಮೇಲ್ಮಣ್ಣು.

ಎಕರೆಗೆ 60 ಕೆ.ಜಿ.ಯ 200 ಚೀಲ ಶುಂಠಿ ಬಂದು, ಚೀಲಕ್ಕೆ 3 ಕೆ.ಜಿ. ಮಣ್ಣು ಸೇರಿತೆಂದರೆ 600 ಕೆ.ಜಿ. ಆಯಿತು. ನಿಮ್ಮ ಜಮೀನಿನ ಲೆಕ್ಕ ಬೇಕಿದ್ದರೆ, ರಾಶಿಯ ನಾಲ್ಕೈದು ಕಡೆಯಿಂದ ಒಟ್ಟು 10 ಕೆ.ಜಿ. ತೆಗೆದು ಬಕೆಟ್‌ನಲ್ಲಿ ಬ್ರಷ್ ಹಾಕಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟು ತಿಳಿನೀರು ಬಗ್ಗಿಸಿ, ಕೆಸರನ್ನು ಟಾರ್ಪಾಲಿನ ಮೇಲೆ ಪೂರ್ತಿ ಒಣಗಿಸಿ ತೂಗಿ. ಹಸಿಯಾಗಿ ತೂಗಿದರೆ ನೀರಿನ ಭಾರವೂ ಸೇರಿ ಲೆಕ್ಕ ತಪ್ಪುತ್ತದೆ.

ಬಾಣೆಯ (ಗದ್ದೆಯ ಮೇಲಿನ ಎತ್ತರದ ಜಮೀನು) ಮಣ್ಣಿಗಿಂತ ಗದ್ದೆಯ ಜೇಡಿ ಹೆಚ್ಚು ಅಂಟುತ್ತದೆ, ಹಸಿಯಿದ್ದರಂತೂ ಬಿಡುವುದೇ ಇಲ್ಲ. ಶುಂಠಿಯ ಬೆರಳುಗಳ ಸಂದಿಯಲ್ಲಿ, ಎಳೆಬೇರುಗಳ ಗೊಂಚಲಿನಲ್ಲಿ ಅದು ಕೂತಿರುತ್ತದೆ. ಎಲೆ ಹಳದಿಯಾಗುತ್ತಿದ್ದಂತೆ ನೀರು ನಿಲ್ಲಿಸಿ. ಕೀಳುವ ದಿನ ಒಂದು ಹಿಡಿ ಮಣ್ಣು ಹಿಚುಕಿ ನೋಡಿ: ಬೆರಳಿಗೆ ಮೆತ್ತಿಕೊಂಡರೆ ಕಾಯಿರಿ, ಉದುರಿದರೆ ಕೀಳಿ. ಹಾಗೆಂದು ಜೇಡಿ ಕಲ್ಲಿನಂತಾಗುವವರೆಗೂ ಬಿಡಬೇಡಿ. ಹೆಂಟೆ ಒಡೆಯುವಾಗ ಬೆರಳುಗಳೂ ಮುರಿಯುತ್ತವೆ. ಗುದ್ದಲಿಗಿಂತ ಫೋರ್ಕ್ ಒಳ್ಳೆಯದು. ಬುಡದಿಂದ ತುಸು ದೂರ ಚುಚ್ಚಿ ಮೇಲೆತ್ತಿ, ಅಲ್ಲೇ ಕೊಡವಿ, ಒಂದೆರಡು ಗಂಟೆ ಮಡಿಯ ಮೇಲೇ ಆರಲು ಬಿಟ್ಟು, ಬೇರು ತರಿದು ಚೀಲಕ್ಕೆ ತುಂಬಿ. ಈ ಒಂದೆರಡು ಗಂಟೆಯ ತಾಳ್ಮೆ ಸಾಕಷ್ಟು ಮಣ್ಣು ಉಳಿಸುತ್ತದೆ.

ತೊಳೆಯಲೇಬೇಕಿದ್ದರೆ ತೋಡಿನ (ಸಣ್ಣ ಹಳ್ಳ) ಬಳಿ ಪಂಪು ಇಡಬೇಡಿ. ಜಮೀನಿನಲ್ಲೇ ಒಂದರ ಕೆಳಗೊಂದು ಎರಡು ಗುಂಡಿ ತೋಡಿ. ಮೊದಲನೆಯದರಲ್ಲಿ ಮರಳು, ಎರಡನೆಯದರಲ್ಲಿ ನಯವಾದ ಕೆಸರು ನಿಲ್ಲುತ್ತದೆ. ಹೂಳನ್ನು ಶುಂಠಿ ಕಿತ್ತ ಮಡಿಗೇ ಮರಳಿಸಿ. ಆದರೆ ಗಡ್ಡೆಕೊಳೆ ಅಥವಾ ಸೊರಗು ರೋಗ ಬಂದ ಜಮೀನಿನ ಮಣ್ಣನ್ನಾಗಲಿ ತೊಳೆದ ನೀರನ್ನಾಗಲಿ ಬೇರೆ ಕಡೆಗೆ ಖಂಡಿತ ಹರಿಸಬಾರದು, ರೋಗಾಣು ಅದರ ಜೊತೆಗೇ ಹೋಗುತ್ತದೆ. ಕೊಂಡು ತಂದ ಬಿತ್ತನೆ ಶುಂಠಿಯ ಮೇಲಿನ ಮಣ್ಣಿಗೂ ಇದೇ ಭಯವಿದೆ.

ಗುತ್ತಿಗೆಗೆ ಕೊಟ್ಟ ಗದ್ದೆಯದೇ ದೊಡ್ಡ ಚಿಂತೆ. ಬಸಿಗಾಲುವೆಗೆಂದು ಬದು ಕಡಿದಿರುತ್ತಾರೆ, ಬೆಳೆ ಎತ್ತಿದ ಮೇಲೆ ಹಾಗೇ ಬಿಟ್ಟು ಹೋಗುತ್ತಾರೆ. ಸಡಿಲಾದ ಮಣ್ಣು ಜೂನ್ ಮಳೆಗೆ ನೇರ ತೋಡಿಗೆ. ಕರಾರಿನಲ್ಲೇ ಬರೆಸಿ: ತೊಳೆಯುವುದು ಗುಂಡಿಯ ಬಳಿಯೇ, ಮೇ ಮುಗಿಯುವುದರೊಳಗೆ ಕಾಲುವೆ ಮುಚ್ಚಿ ಬದು ಕಟ್ಟಿಕೊಡಬೇಕು.