ಹಲ್ಲು ಕಾಣುವ ಫೋಟೊ: ನನ್ನ ಕಾದಂಬರಿ ಎಲ್ಲಿಗೆ ಬಂತು

ಮೊದಲು ಈ ತಿಂಗಳ ಲೆಕ್ಕ. 11 ಅಧ್ಯಾಯ, ಸುಮಾರು 34,000 ಪದ. ಹೋದ ತಿಂಗಳು 43,000 ಇತ್ತು. ಒಂಬತ್ತು ಸಾವಿರ ಪದ ಕಿತ್ತು ಹಾಕಿದ್ದೇನೆ. ಆದರೂ ಐದು ತಿಂಗಳಲ್ಲಿ ಕಥೆ ಜಾಸ್ತಿ ಮುಂದಕ್ಕೆ ಹೋಗಿದ್ದು ಈ ತಿಂಗಳೇ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಇದು ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಅಂತ ಬರೆಯುತ್ತಿರುವ ಕಾದಂಬರಿ. ನಾಯಕಿ ಚಿನ್ನು, ಹತ್ತನೇ ಕ್ಲಾಸು. ಅವಳ ಅಪ್ಪ ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಗಾಡಿ ಇಟ್ಟವರು. ದುರ್ಗಮ್ಮನ ಜಾತ್ರೆಗೆ ಇನ್ನು ನಾಲ್ಕು ದಿನ ಇರುವಾಗ ಅಪ್ಪ ತೀರಿಕೊಳ್ಳುತ್ತಾರೆ. ಅಲ್ಲಿಂದ ತಿಥಿಯವರೆಗಿನ ಹನ್ನೊಂದು ದಿನ, ಆಮೇಲಿನ ಕೆಲವು ತಿಂಗಳು, ಇಷ್ಟೇ ಕಥೆ. ಓದುವ ಮಗು ಅಳಬೇಕು, ನಗಬೇಕು. ಒಂದೇ ಪುಟದಲ್ಲಿ ಎರಡೂ ಆದರೆ ನನಗೆ ಅದಕ್ಕಿಂತ ಬೇರೆ ಏನೂ ಬೇಡ.

ಜಾತ್ರೆ ಯಾಕೆ ಅಂತ ಕೆಲವರು ಕೇಳಿದ್ದರು. ನಮ್ಮೂರಲ್ಲಿ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅವತ್ತು ನೆಂಟರು ಬಾರದ ಮನೆ ಹುಡುಕುವುದು ಕಷ್ಟ. ಊಟಕ್ಕೆ ಅಂತ ಬ್ಯಾಗು ತುಂಬಿಕೊಂಡು ಬಂದವರು ಸಾವಿನ ಮನೆಗೆ ಬಂದು ಇಳಿದರೆ ಹೇಗಿರುತ್ತೆ? ಹೊರಗೆ ಊರಿಗೆ ಊರೇ ದೀಪದಲ್ಲಿ ಝಗಮಗ. ಒಳಗೆ ಸೂತಕ. ಜಾತ್ರೆಗೆ ಅಂತ ಹೊಲಿಸಿದ್ದ ಹೊಸ ಬಿಳಿ ಅಂಗಿಯನ್ನೇ ಚಿಕ್ಕಪ್ಪ ಮಣ್ಣಿಗೆ ಹಾಕಿಕೊಂಡು ಹೋಗುತ್ತಾನೆ. ಅವನ ಹತ್ತಿರ ಬಿಳಿ ಅಂಗಿ ಅಂತ ಇರುವುದು ಅದೊಂದೇ. ಕಾಲರಿನಲ್ಲಿ ಟೈಲರ್ ಚೀಟಿ ಇನ್ನೂ ಹಾಗೇ ಇರುತ್ತೆ. ಚಿನ್ನು ಇಡೀ ದಾರಿ ಆ ಚೀಟಿಯನ್ನೇ ನೋಡುತ್ತಾಳೆ. ಈ ಸಾಲು ನನಗೆ ತಾನಾಗಿಯೇ ಬಂತು. ಅದನ್ನು ಇಲ್ಲಿಯವರೆಗೆ ಮುಟ್ಟಿಲ್ಲ.

ಈಗ ಕಿತ್ತು ಹಾಕಿದ್ದರ ವಿಷಯ.

ಮೊದಲನೇ ಕರಡನ್ನು ಐದು ಭಾಗ ಮಾಡಿದ್ದೆ. ದುಃಖಕ್ಕೆ ಐದು ಹಂತ ಅಂತ ಎಲ್ಲರೂ ಹೇಳುತ್ತಾರಲ್ಲ, ನಂಬದಿರುವುದು, ಸಿಟ್ಟು, ಚೌಕಾಸಿ, ಕುಗ್ಗುವುದು, ಒಪ್ಪಿಕೊಳ್ಳುವುದು, ಅದೇ ಲೆಕ್ಕ. ಬರೆದಷ್ಟೂ ಚಿನ್ನು ಟೈಮ್‌ಟೇಬಲ್ ಪ್ರಕಾರ ಅಳುವ ಹುಡುಗಿ ಆಗುತ್ತಿದ್ದಳು. ಆಮೇಲೆ ಓದಿದಾಗ ತಿಳಿಯಿತು, ಎಲಿಸಬೆತ್ ಕುಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಆ ಐದು ಹಂತ ಬರೆದಿದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಮನೆಯಲ್ಲಿ ಉಳಿದವರಿಗೆ ಅದನ್ನು ಅನ್ವಯಿಸಿದ್ದು ಆಮೇಲೆ. ನನ್ನ ಕಥೆ ಉಳಿದವರದ್ದು.

ನನಗೆ ಸಹಾಯ ಆಗಿದ್ದು ಬೇರೆ ಇಬ್ಬರ ಮಾತು. ಮಾರ್ಗರೆಟ್ ಸ್ಟ್ರೋಬ್, ಹೆಂಕ್ ಶುಟ್ ಅಂತ, ಇಬ್ಬರೂ ಮನಃಶಾಸ್ತ್ರಜ್ಞರು. ದುಃಖದಲ್ಲಿ ಇರುವವರು ಮೆಟ್ಟಿಲು ಹತ್ತುವ ಹಾಗೆ ಹೋಗುವುದಿಲ್ಲ, ಆ ಕಡೆ ಈ ಕಡೆ ತೂಗುತ್ತಾರೆ ಅಂತ ಅವರು 1999ರಲ್ಲಿ ಬರೆದರು. ಒಂದು ಗಳಿಗೆ ಹೋದವರ ನೆನಪು, ಇನ್ನೊಂದು ಗಳಿಗೆ ಗ್ಯಾಸ್ ಬುಕ್ ಮಾಡಬೇಕು, ಫೀಸು ಕಟ್ಟಬೇಕು. ಮತ್ತೆ ನೆನಪು. ಇದನ್ನು ಓದಿದ ರಾತ್ರಿಯೇ ಐದು ಭಾಗ ಅಳಿಸಿದೆ. ಈಗ ಪ್ರತಿ ಅಧ್ಯಾಯದಲ್ಲೂ ಚಿನ್ನುವಿಗೆ ಮಾಡಲೇಬೇಕಾದ ಒಂದು ಸಣ್ಣ ಕೆಲಸ ಇದೆ. ತೂಗುವುದಕ್ಕೆ ಆ ಕಡೆಯೂ ಏನಾದರೂ ಇರಬೇಕು, ಅಲ್ವಾ?

ಇನ್ನು ನಗು. ಇದು ನನಗೆ ಜಾಸ್ತಿ ಕಷ್ಟ ಕೊಟ್ಟ ಭಾಗ.

ನನ್ನ ಅಣ್ಣ ಹೋದಾಗ ನನಗೆ 17. ತಿಥಿಯ ದಿನ ಊಟ ಮುಗಿದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಸುಮ್ನೆ ಕೂತಿದ್ದರು. ಮಾವನ ಮಗ ಎದ್ದು, ಅಣ್ಣ ತನ್ನ ಹಳೇ ಸ್ಕೂಟರಿಗೆ ಕಿಕ್ ಹೊಡೆಯುವ ಮುಂಚೆ ಹೇಗೆ ಅದರ ತಲೆ ಸವರಿ ಬೇಡಿಕೊಳ್ಳುತ್ತಿದ್ದ ಅಂತ ಮಾಡಿ ತೋರಿಸಿದ. ಮನೆಗೆ ಮನೆಯೇ ನಕ್ಕಿತು. ಅಮ್ಮನೂ ನಕ್ಕರು. ಹತ್ತು ದಿನದಲ್ಲಿ ಮೊದಲನೇ ಸಲ ಅಣ್ಣ ಆ ಕೋಣೆಗೆ ಬಂದು ಹೋದ ಹಾಗಾಯಿತು. ಈ ಕಾದಂಬರಿ ಹುಟ್ಟಿದ್ದೇ ಆ ಅರ್ಧ ನಿಮಿಷದಲ್ಲಿ.

ಡಾಕರ್ ಕೆಲ್ಟ್ನರ್, ಜಾರ್ಜ್ ಬೊನಾನೊ ಅನ್ನುವ ಮನಃಶಾಸ್ತ್ರಜ್ಞರು 1997ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಹೋದವರ ಬಗ್ಗೆ ಮಾತಾಡಿಸಿ, ಅವರ ಮುಖ ಗಮನಿಸಿದರು. ಮಾತಿನ ನಡುವೆ ಕಣ್ಣಿನವರೆಗೂ ಬರುವ ನಿಜವಾದ ನಗು ನಕ್ಕವರಲ್ಲಿ ಸಂಕಟ ಕಡಿಮೆ ಇತ್ತು. ಅಮ್ಮನ ಮುಖ ಕಣ್ಣ ಮುಂದೆ ಬಂತು ಇದನ್ನು ಓದುವಾಗ.

ಹಾಗಿದ್ದೂ ನನ್ನ ಕರಡಿನಲ್ಲಿ ಇದ್ದ ನಗು ಆ ಥರದ್ದಾಗಿರಲಿಲ್ಲ. ಶಾಮಿಯಾನದವನ ಜೋಕು, ಅಡುಗೆಯವನ ಜೋಕು, ಗೊರಕೆ ಹೊಡೆಯುವ ದೊಡ್ಡಪ್ಪ. ಒಂದೊಂದೂ ಓದಿದರೆ ನಗು ಬರುತ್ತೆ. ಆದರೆ ಅವನ್ನು ಎತ್ತಿ ಇನ್ಯಾವುದೋ ಮನೆಯ ಕಥೆಯಲ್ಲಿ ಇಟ್ಟರೂ ಹಾಗೇ ನಡೆಯುತ್ತವೆ. ಆಗ ಪೆನ್ಸಿಲ್ ಹಿಡಿದು ಕೂತೆ. ಈ ಅಪ್ಪ ಬದುಕಿದ್ದರಿಂದ ಮಾತ್ರ ಬರುವ ನಗು ಯಾವುದೋ ಅದು ಉಳಿಯಲಿ, ಉಳಿದದ್ದು ಹೋಗಲಿ ಅಂತ. ಒಂಬತ್ತು ಸಾವಿರ ಪದ ಹೋಗಿದ್ದು ಹಾಗೆ.

ಉಳಿದದ್ದರಲ್ಲಿ ನನಗೆ ಪ್ರಾಣವಾದದ್ದು ಉದ್ರಿ ಪುಸ್ತಕ. ಅಪ್ಪ ಗಿರಾಕಿಗಳ ಹೆಸರು ಕೇಳುತ್ತಿರಲಿಲ್ಲ, ತಾವೇ ಇಡುತ್ತಿದ್ದರು. ಅರ್ಧ ಈರುಳ್ಳಿ ಮೇಷ್ಟ್ರು. ಖಾರ ಕಮ್ಮಿ ಪೈಲ್ವಾನ್. ಮಿರ್ಚಿ ಮುರಿಯೋ ಅಕ್ಕ. ಮಾತಾಡಿಸೋಕೆ ಬಂದವರು ಹೋದ ಮೇಲೆ ಅಮ್ಮ ಕೇಳುತ್ತಾಳೆ, ‘ಅವ್ರು ಯಾರೇ, ಅಷ್ಟು ಅಳ್ತಿದ್ರಲ್ಲ?’ ಚಿನ್ನು ಹೇಳುತ್ತಾಳೆ, ‘ಖಾರ ಕಮ್ಮಿ ಪೈಲ್ವಾನ್.’ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ, ನಗು ಅಳುವಾಗುತ್ತೆ, ಅಳು ಮತ್ತೆ ನಗುವಾಗುತ್ತೆ. ತಿಥಿ ಆದ ಮೇಲೆ ನೋಡಿದರೆ ಪುಸ್ತಕದಲ್ಲಿ 6,840 ರೂಪಾಯಿ ಬರಬೇಕು. ಯಾರಿಂದ? ಬರೀ ಅಡ್ಡಹೆಸರು. ಚಿನ್ನು ಸೈಕಲ್ ಹತ್ತಿ ಹುಡುಕಲು ಹೊರಡುತ್ತಾಳೆ. ಮಂಡಿಪೇಟೆ, ಪಿ.ಜೆ. ಬಡಾವಣೆ, ಬೆಳಗ್ಗೆ ಬೆಳಗ್ಗೆ ವಾಕಿಂಗ್ ಮಾಡುವವರ ನಡುವೆ ಕುಂದವಾಡ ಕೆರೆ ಏರಿ. ಸಿಕ್ಕವರೆಲ್ಲ ಹಣದ ಜೊತೆ ಅವಳಿಗೆ ಗೊತ್ತಿಲ್ಲದ ಅಪ್ಪನನ್ನೂ ಒಂದು ಚೂರು ಕೊಡುತ್ತಾರೆ.

ಇದಕ್ಕಾಗಿ ಮಂಡಕ್ಕಿ ಭಟ್ಟಿಗೆ ಎರಡು ಸಲ ಹೋಗಿ ಬಂದೆ. ಕಾದ ಮರಳಿಗೆ ಉಪ್ಪುನೀರು ಹಿಡಿದ ಅಕ್ಕಿ ಬೀಳುತ್ತೆ. ಅಕ್ಕಿಯೊಳಗಿನ ತೇವ ಆವಿಯಾಗಿ ಒಮ್ಮೆಲೇ ಅರಳಿಸಿಬಿಡುತ್ತೆ. ಕೆಲವೇ ಸೆಕೆಂಡು. ಜರಡಿಯಲ್ಲಿ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅಲ್ಲಿಂದ ಮನೆಗೆ ಬಂದಾಗ ನನ್ನ ಬಟ್ಟೆ ತುಂಬ ಹೊಗೆ ವಾಸನೆ. ಅಪ್ಪನ ಅಂಗಿಯನ್ನು ಒಗೆಯಲು ಚಿನ್ನು ಯಾಕೆ ಬಿಡುವುದಿಲ್ಲ ಅಂತ ನನಗೆ ಅವತ್ತು ಅರ್ಥವಾಯಿತು. ಎಂಟನೇ ಅಧ್ಯಾಯ ಒಂದೇ ಕೂತಲ್ಲಿ ಮುಗಿಯಿತು.

ಫೋಟೊದ ದೃಶ್ಯವನ್ನು ಆರು ಸಲ ಬರೆದೆ. ಶ್ರದ್ಧಾಂಜಲಿ ಫ್ಲೆಕ್ಸಿಗೆ ಅಪ್ಪನ ಫೋಟೊ ಬೇಕು. ಇರುವ ಎಲ್ಲ ಫೋಟೊದಲ್ಲೂ ಅಪ್ಪ ಹಲ್ಲು ಬಿಟ್ಟು ನಗುತ್ತಿದ್ದಾರೆ. ಸುಮ್ಮನಿರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ. ದೊಡ್ಡಪ್ಪ ಅದನ್ನೇ ಹಾಕಿಸು ಅನ್ನುತ್ತಾರೆ, ‘ಸತ್ತೋರು ನಗಬಾರ್ದಮ್ಮ, ನೋಡ್ದೋರು ಏನಂತಾರೆ.’ ಚಿನ್ನು ಜಗಳಕ್ಕೆ ನಿಲ್ಲುತ್ತಾಳೆ. ಮೊದಲ ಐದು ಸಲ ಅವಳ ಬಾಯಲ್ಲಿ ಉದ್ದುದ್ದ ಭಾಷಣ ಹಾಕಿದ್ದೆ. ಆರನೇ ಸಲ ಒಂದೇ ಮಾತು ಉಳಿಸಿದೆ: ‘ಈ ಫೋಟೊ ಹಾಕಿದ್ರೆ ಗಿರಾಕಿಗಳಿಗೆ ಯಾರು ಸತ್ರು ಅಂತಾನೇ ಗೊತ್ತಾಗಲ್ಲ ದೊಡ್ಡಪ್ಪ.’ ಫ್ಲೆಕ್ಸ್ ಅಂಗಡಿಯ ಹುಡುಗ ತಲೆ ಎತ್ತಿ ನೋಡುತ್ತಾನೆ. ಅವನೂ ಗಾಡಿಯ ಗಿರಾಕಿ. ಅಲ್ಲಿಗೆ ನಿಲ್ಲಿಸಿದ್ದೇನೆ.

ಸಣ್ಣ ತಿದ್ದುಪಡಿಗಳು: ಪರೀಕ್ಷೆ ತಪ್ಪಿ ಚಿನ್ನುವಿಗೆ ಒಂದು ವರ್ಷ ಹಾಳಾಗುತ್ತೆ ಅಂತ ಬರೆದಿದ್ದೆ. ಈಗ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ. ಹಾಗಾಗಿ ಅವಳು ಎರಡನೇದಕ್ಕೆ ಕೂರುತ್ತಾಳೆ. ಚಿಕ್ಕಪ್ಪನ ಪ್ರೇಮಕಥೆ ಪೂರ್ತಿ ತೆಗೆದೆ.

ಒಂಬತ್ತನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು ನನ್ನ ಮೊದಲ ಓದುಗಾರ್ತಿ. ಉದ್ರಿ ಪುಸ್ತಕದ ಕೊನೇ ಹೆಸರು ‘ನಮ್ ಮೇಡಂ’ ಅಂತ ಇಟ್ಟು, ಅದು ಚಿನ್ನುವೇ ಅಂತ ಕೊನೆಯಲ್ಲಿ ತಿಳಿಯುವ ಹಾಗೆ ಮಾಡಿದ್ದೆ. ಅವಳು ಮೂರನೇ ಅಧ್ಯಾಯದಲ್ಲೇ ಕಂಡುಹಿಡಿದಳು. ‘ಇದು ಅಳಿಸೋಕೆ ಅಂತಾನೇ ಇಟ್ಟಿದ್ದು’ ಅಂದಳು. ಸರಿಯಾಗಿಯೇ ಹೇಳಿದಳು. ತೆಗೆದೆ.

ಈಗ ಕೊನೇ ಹೆಸರು ‘ಬಿಳಿ ಕೊಡೆ, 40 ರೂಪಾಯಿ’. ಆ ಮನುಷ್ಯ ಚಿನ್ನುವಿಗೆ ಸಿಗುವುದೇ ಇಲ್ಲ. ಮಳೆಗಾಲ ಶುರುವಾದ ಮೇಲೆ ಅವಳು ಗಾಡಿ ಇರುತ್ತಿದ್ದ ಜಾಗದಲ್ಲಿ ನಿಂತು, ಹೋಗುವ ಬರುವ ಕೊಡೆಗಳ ಬಣ್ಣ ನೋಡುತ್ತಾಳೆ. ಅದು ಹನ್ನೆರಡನೇ ಅಧ್ಯಾಯ, ಅರ್ಧ ಆಗಿದೆ. ಬಿಳಿ ಕೊಡೆ ಯಾರು ಅಂತ ಅಕ್ಕನ ಮಗಳು ದಿನಾ ರಾತ್ರಿ ಮೆಸೇಜ್ ಮಾಡಿ ಕೇಳುತ್ತಿದ್ದಾಳೆ. ನಾನು ಹೇಳಿಲ್ಲ.